ಉತ್ತರದ ಬಯಲಿನ ಆಂಧಿ ಮತ್ತು ಮಳೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಉದ್ಯೋಗದ ನಿಮಿತ್ತ ದೆಹಲಿಯಲ್ಲಿದ್ದೇನೆ. ಮೇ ತಿಂಗಳ ಸಂಜೆ ಆಕಾಶ ಕಪ್ಪಿಡುತ್ತದೆ, ಗುಡುಗುತ್ತದೆ, ಧೂಳಿನ ಗೋಡೆಯೇ ಎದ್ದು ನುಗ್ಗುತ್ತದೆ. ಬೀಳುವುದು ಮಾತ್ರ ನಾಲ್ಕು ಹನಿ. ಅಷ್ಟು ದೊಡ್ಡ ಮೋಡದ ಮಳೆಯನ್ನು ಗಾಳಿ ಹೊತ್ತುಕೊಂಡು ಹೋಗುತ್ತದೆಯೇ?

ಉತ್ತರ: ಇಲ್ಲ. ಆ ಮಳೆಯ ಬಹುಪಾಲು ನೆಲ ಮುಟ್ಟುವ ಮೊದಲೇ ಆವಿಯಾಗುತ್ತದೆ, ಮತ್ತು ನೀವು ಕಾಣುವ ಬಿರುಗಾಳಿ ಹುಟ್ಟುವುದು ಮುಖ್ಯವಾಗಿ ಅದರಿಂದಲೇ. ಏಪ್ರಿಲ್‌ನಿಂದ ಜೂನ್‌ವರೆಗೆ ಹರಿಯಾಣ, ದೆಹಲಿ ಮತ್ತು ಉತ್ತರ ಪ್ರದೇಶದ ಪಶ್ಚಿಮ ಭಾಗದ ಮೇಲೆ ಥಾರ್ ಮರುಭೂಮಿಯ ಕಡೆಯಿಂದ ಒಣ ಬಿಸಿಗಾಳಿ ಬೀಸುತ್ತಿರುತ್ತದೆ. ಅಲ್ಲಿಯ ಜನ ‘ಲೂ’ ಎನ್ನುವುದು ಇದನ್ನೇ. ಉಷ್ಣಾಂಶ 45 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುವ ಇಂಥ ದಿನಗಳಲ್ಲಿ, ಮೆಡಿಟರೇನಿಯನ್ ಕಡೆಯಿಂದ ಹೊರಟು ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನಗಳನ್ನು ದಾಟಿ ಬರುವ ವಾಯುಕ್ಷೋಭೆಯೊಂದು ವಾತಾವರಣದ ಮೇಲ್ಪದರಕ್ಕೆ ತಂಪನ್ನು ತಂದಿತೆಂದರೆ, ಸಮುದ್ರದ ಕಡೆಯಿಂದ ನುಸುಳಿ ಬಂದ ಅಲ್ಪ ತೇವವೇ ಗುಡುಗುಮೋಡ ಕಟ್ಟಲು ಸಾಕಾಗುತ್ತದೆ.

ಆದರೆ ಆ ಮೋಡದ ತಳ ನೆಲದಿಂದ ಬಹಳ ಎತ್ತರದಲ್ಲಿರುತ್ತದೆ. ಕೆಲವೊಮ್ಮೆ ಮೂರು ಕಿಲೋಮೀಟರಿನಷ್ಟು. ಅಲ್ಲಿಂದ ಉದುರುವ ಹನಿಗಳು ಆ ಒಣಗಾಳಿಯನ್ನು ಹಾದು ಬರುವಾಗ ಆವಿಯಾಗುತ್ತ, ಮಣ್ಣಿನ ಮಡಕೆಯ ನೀರು ತಣ್ಣಗಾಗುವ ಬಗೆಯಲ್ಲಿಯೇ, ಸುತ್ತಲಿನ ಗಾಳಿಯ ಶಾಖವನ್ನು ಹೀರಿಕೊಳ್ಳುತ್ತವೆ. ತಣ್ಣಗಾದ ಗಾಳಿ ಭಾರವಾಗಿ ಕೆಳಗೆ ಧುಮುಕುತ್ತದೆ, ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ, ಹರಡುವಾಗ ಒಣಮಣ್ಣನ್ನೆಲ್ಲ ಎಬ್ಬಿಸುತ್ತದೆ. ಇದೇ ಆಂಧಿ. ಮೊದಲು ಗಾಳಿ ಸ್ತಬ್ಧವಾಗುವುದು, ಅನಂತರ ಒಮ್ಮೆಲೇ ತಣ್ಣನೆಯ ಬೀಸು, ಅದರೊಡನೆ ಧೂಳು, ಕೊನೆಗೆ ದಪ್ಪ ದಪ್ಪ ಹನಿ ಎಂಬ ಕ್ರಮವನ್ನು ನೀವು ಗಮನಿಸಿರಬಹುದು. ಸಣ್ಣ ಹನಿಗಳು ದಾರಿಯಲ್ಲೇ ಮುಗಿದುಹೋಗಿರುತ್ತವೆ. ನೆಲಕ್ಕೆ ತಲಪುವುದು ದೊಡ್ಡವು ಮಾತ್ರ. ಗಾಳಿ ಮಳೆಯನ್ನು ಓಡಿಸಿತು ಎಂಬ ಮಾತು ಆದ್ದರಿಂದ ತಲೆಕೆಳಗಾದದ್ದು. 2022ರ ಮೇ 30ರ ಸಂಜೆ ದೆಹಲಿಗೆ ಅಪ್ಪಳಿಸಿದ ಬಿರುಗಾಳಿಯಲ್ಲಿ ಉಷ್ಣಾಂಶ ಒಂದೂವರೆ ಗಂಟೆಯೊಳಗೆ 40 ಡಿಗ್ರಿಯಿಂದ 25ಕ್ಕೆ ಇಳಿಯಿತು, ಜಾಮಾ ಮಸೀದಿಯ ಗುಮ್ಮಟದ ಕಳಶವೇ ಮುರಿದುಬಿತ್ತು. ಅದಕ್ಕಿಂತ ಘೋರವಾದದ್ದು 2018ರ ಮೇ 2ರ ರಾತ್ರಿಯದು. ಉತ್ತರ ಪ್ರದೇಶ ಮತ್ತು ರಾಜಸ್ಥಾನಗಳಲ್ಲಿ ನೂರಕ್ಕೂ ಹೆಚ್ಚು ಮಂದಿ ಸತ್ತರು. ಆಗ್ರಾ ಜಿಲ್ಲೆಗೆ ಹೆಚ್ಚಿನ ಪೆಟ್ಟು ಬಿತ್ತು. ಅನೇಕರು ಸತ್ತದ್ದು ಮಲಗಿದ್ದ ಮನೆಯ ಗೋಡೆಯೋ ಸೂರೋ ಕುಸಿದು.

ಪ್ರಶ್ನೆ: ಬಂಗಾಳದಲ್ಲಿ ಬೇಸಿಗೆಯಲ್ಲಿ ಎರಗುವ ಗುಡುಗಿನ ಬಿರುಗಾಳಿ ಕಾಲವೈಶಾಖಿಯೂ ಇದೇ ಬಗೆಯದೇ? ಅಲ್ಲಿ ಮಳೆ ಧಾರಾಳವಾಗಿ ಸುರಿಯುವುದೇಕೆ?

ಉತ್ತರ: ಮೋಡ ಒಂದೇ ಬಗೆಯದು, ಅದರ ಕೆಳಗಿನ ಗಾಳಿ ಬೇರೆ. ಬಂಗಾಳ ಕೊಲ್ಲಿಯಿಂದ ಬರುವ ದಕ್ಷಿಣದ ಗಾಳಿ ತೇವದಿಂದ ತುಂಬಿರುವುದರಿಂದ ಮೋಡದ ತಳ ತಗ್ಗಿನಲ್ಲಿರುತ್ತದೆ, ಹನಿಗಳು ನೆಲ ಮುಟ್ಟುತ್ತವೆ. ಛೋಟಾ ನಾಗಪುರ ಪ್ರಸ್ಥಭೂಮಿಯ ನೆಲ ಕಾದ ಮಧ್ಯಾಹ್ನಗಳಲ್ಲಿ ಅಲ್ಲಿ ಹುಟ್ಟುವ ಮೋಡಗಳನ್ನು ಮೇಲ್ಪದರದ ಗಾಳಿ ಆಗ್ನೇಯಕ್ಕೆ ತಳ್ಳುತ್ತದೆ. ಹೀಗಾಗಿ ತೇವ ಬರುವುದು ದಕ್ಷಿಣದಿಂದಾದರೂ ಬಿರುಗಾಳಿ ಕೋಲ್ಕತ್ತಕ್ಕೆ ಬರುವುದು ವಾಯವ್ಯದಿಂದ, ಸಾಮಾನ್ಯವಾಗಿ ಸಂಜೆಯ ಹೊತ್ತಿಗೆ. ಮನೆ ಮರಗಳನ್ನು ಉರುಳಿಸುವ ಈ ಬಿರುಗಾಳಿಯ ಮಳೆಯೇ ಸೆಣಬಿಗೂ ಅಸ್ಸಾಮಿನ ಚಹಾ ತೋಟಗಳಿಗೂ ಬೇಕಾದದ್ದು.

ಹಾಗೆಂದು ಪಶ್ಚಿಮದ ಒಣ ಬಯಲಿನಲ್ಲಿ ಗಾಳಿಯೊಂದೇ ಅಪಾಯವೆಂದು ತಿಳಿಯಬಾರದು. ದಪ್ಪ ಆಲಿಕಲ್ಲು ಒಣಗಾಳಿಯಲ್ಲಿ ಪೂರ್ತಿ ಕರಗದೆ ಇಳಿಯಬಲ್ಲದು. 1888ರ ಏಪ್ರಿಲ್ 30ರಂದು ಮೊರಾದಾಬಾದ್ ಬಳಿ ಬಿದ್ದ ಆಲಿಕಲ್ಲಿಗೆ 246 ಮಂದಿ ಬಲಿಯಾದರು. ಆಲಿಕಲ್ಲಿನಿಂದಾದ ಅತಿ ಹೆಚ್ಚು ಸಾವು ಎಂದು ವಿಶ್ವ ಹವಾಮಾನ ಸಂಸ್ಥೆ ದಾಖಲಿಸಿರುವುದು ಇದನ್ನೇ.

ಪ್ರಶ್ನೆ: ಮೇ ತಿಂಗಳಲ್ಲಿ ಆಂಧಿ ಹೆಚ್ಚಾದರೆ ಆ ವರ್ಷದ ಮುಂಗಾರು ಚೆನ್ನಾಗಿರುತ್ತದೆಯೇ?

ಉತ್ತರ: ಹಾಗೆ ಹೇಳಲು ಆಧಾರವಿಲ್ಲ. ಆಂಧಿ ಕೆಲವು ಗಂಟೆಗಳ ಸ್ಥಳೀಯ ಘಟನೆ. ಮುಂಗಾರಿನ ಬಲಾಬಲ ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರಗಳ ನೀರಿನ ಉಷ್ಣಾಂಶದಂಥ ದೊಡ್ಡ ಸಂಗತಿಗಳನ್ನು ಅವಲಂಬಿಸಿದೆ.

ಪ್ರಶ್ನೆ: ಮುಂಗಾರು ಇಡೀ ಬಯಲನ್ನು ಆವರಿಸಿದ ಮೇಲೂ ಒಂದೇ ವಾರದಲ್ಲಿ ಬಿಹಾರದಲ್ಲಿ ಪ್ರವಾಹ, ದೆಹಲಿಯಲ್ಲಿ ಸೆಕೆ ಎಂಬ ಸುದ್ದಿ ಬರುವುದೇಕೆ?

ಉತ್ತರ: ಮುಂಗಾರು ಒಂದೇ ಸಮನೆ ಹಾಸಿದ ಮೋಡವಲ್ಲ. ರಾಜಸ್ಥಾನದ ಶ್ರೀಗಂಗಾನಗರದ ಕಡೆಯಿಂದ ಬಂಗಾಳ ಕೊಲ್ಲಿಯವರೆಗೆ ಕಡಿಮೆ ಒತ್ತಡದ ಉದ್ದನೆಯ ಪಟ್ಟಿಯೊಂದು ಚಾಚಿಕೊಂಡಿರುತ್ತದೆ, ಬಯಲಿನ ಮಳೆ ಬಹುಮಟ್ಟಿಗೆ ಅದನ್ನು ಹಿಂಬಾಲಿಸುತ್ತದೆ. ಪಟ್ಟಿ ದಕ್ಷಿಣಕ್ಕೆ ಜಾರಿ, ಕೊಲ್ಲಿಯಿಂದ ವಾಯುಭಾರ ಕುಸಿತಗಳು ಅದರ ಗುಂಟ ಸಾಗಿದರೆ ಮಧ್ಯಭಾರತ ನೆನೆಯುತ್ತದೆ. ಅದು ಉತ್ತರಕ್ಕೆ ಸರಿದು ಹಿಮಾಲಯದ ಬುಡ ಸೇರಿದರೆ ಬಯಲಿನ ಹೆಚ್ಚಿನ ಭಾಗದಲ್ಲಿ ಮಳೆ ನಿಲ್ಲುತ್ತದೆ. ಹವಾಮಾನ ತಜ್ಞರು ಇದನ್ನು ಮುಂಗಾರಿನ ವಿರಾಮ ಎನ್ನುತ್ತಾರೆ. ಆ ದಿನಗಳಲ್ಲೇ ನೇಪಾಳದಲ್ಲಿಯೂ ಹಿಮಾಲಯದ ಬುಡದ ತಗ್ಗು ಪ್ರದೇಶವಾದ ತರಾಯಿಯಲ್ಲಿಯೂ ಜೋರು ಮಳೆಯಾಗಿ ಕೋಸಿ, ಗಂಡಕ್, ಬಾಗಮತಿ ನದಿಗಳು ಉಕ್ಕುವುದರಿಂದ, ತಮ್ಮ ಹೊಲಕ್ಕೆ ಹನಿ ಬೀಳದ ಬಿಹಾರದ ರೈತರ ಬೆಳೆಯೂ ನೀರಿನಲ್ಲಿ ಮುಳುಗಬಹುದು. ಇದರ ಮೇಲೆ, ಕೊಲ್ಲಿಯ ತೇವ ಗಂಗೆಯ ಗುಂಟ ಪಶ್ಚಿಮಕ್ಕೆ ಸಾಗುತ್ತ ಬರಿದಾಗುತ್ತದೆ: ಕೋಲ್ಕತ್ತದಲ್ಲಿ ವರ್ಷಕ್ಕೆ 150 ಸೆಂಟಿಮೀಟರಿಗೂ ಹೆಚ್ಚು ಮಳೆಯಾದರೆ ಪಟ್ನಾದಲ್ಲಿ 100ರ ಆಸುಪಾಸು, ದೆಹಲಿಯಲ್ಲಿ ಅದಕ್ಕಿಂತಲೂ ಕಡಿಮೆ.

ಪ್ರಶ್ನೆ: ಬಿಹಾರದಲ್ಲಿ ಸಿಡಿಲಿಗೆ ಅಷ್ಟೊಂದು ಜನ ಸಾಯುವುದೇಕೆ?

ಉತ್ತರ: ಮುಂಗಾರು ಕಾಲಿಡುವ ಹೊತ್ತಿನಲ್ಲಿ ಗುಡುಗುಮೋಡಗಳು ಹೆಚ್ಚು, ಭತ್ತದ ಕೆಲಸಕ್ಕೆಂದು ಜನ ಬಟ್ಟಬಯಲಿನ ಗದ್ದೆಗಳಲ್ಲಿರುವುದೂ ಆಗಲೇ. 2020ರ ಜೂನ್ 25ರಂದು ಆ ರಾಜ್ಯದಲ್ಲಿ ಒಂದೇ ದಿನ ಎಂಬತ್ತಕ್ಕೂ ಹೆಚ್ಚು ಮಂದಿ ಸಿಡಿಲಿಗೆ ಬಲಿಯಾದರು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಆ್ಯಪ್ ಸಮೀಪದ ಸಿಡಿಲಿನ ಮುನ್ಸೂಚನೆ ಕೊಡುತ್ತದೆ. ಮೊಬೈಲ್ ಕೈಯಲ್ಲಿಲ್ಲದವರು ಮೊದಲ ಗುಡುಗು ಕೇಳಿದೊಡನೆ, ಮಳೆ ಬಾರದಿದ್ದರೂ, ಒಂಟಿಮರದ ಆಸರೆಗೆ ಹೋಗದೆ ಗಟ್ಟಿ ಕಟ್ಟಡವೊಂದನ್ನು ಸೇರಬೇಕು, ಕೊನೆಯ ಗುಡುಗಿನ ಬಳಿಕವೂ ಅರ್ಧ ಗಂಟೆ ಅಲ್ಲಿಯೇ ಇರಬೇಕು.