ಹೆಂಚಿನ ಮನೆಗೆ ಯಾವ ರೂಮ್ ಹೀಟರ್ ತಗೊಂಡ್ರೆ ಚಳಿಗಾಲದಲ್ಲಿ ಕರೆಂಟ್ ಬಿಲ್ ಕಮ್ಮಿ ಬರುತ್ತೆ?

ಯಾವ್ದೂ ತಗೋಬೇಡಿ ಮಾರಾಯ್ರೆ. ತೀರ್ಥಹಳ್ಳಿ ಕಡೆ ಹಳೇ ಹೆಂಚಿನ ಮನೆ, ವಯಸ್ಸಾದ ಅಪ್ಪ ಅಮ್ಮ ಇದಾರೆ, ಆಯಿಲ್ ಹೀಟರ್ ತಗೊಳ್ಳೋದಾ ಫ್ಯಾನ್ ಹೀಟರ್ ತಗೊಳ್ಳೋದಾ ಅಂತ ಕೇಳಿದೀರ. ನಾನು ಎರಡೂ ತಗೊಂಡು, ಎರಡನ್ನೂ ಉರಿಸಿ ನೋಡಿ, ಕೊನೆಗೆ ಎರಡನ್ನೂ ಅಟ್ಟಕ್ಕೆ ಎತ್ತಿಟ್ಟವ.

ನಮ್ಮದು ಹೊಸನಗರ ತಾಲೂಕು. ಅಜ್ಜನ ಕಾಲದ ಮನೆ, ದಪ್ಪ ಮಣ್ಣಿನ ಗೋಡೆ, ಮೇಲೆ ಮಂಗಳೂರು ಹೆಂಚು. ನಡುಮನೆಗೂ ಎರಡು ಕೋಣೆಗೂ ಮರದ ಮುಚ್ಚಿಗೆ ಇತ್ತು, ಅಂದ್ರೆ ತೊಲೆ ಮೇಲೆ ಹಲಗೆ ಹಾಸಿ ಅದರ ಮೇಲೆ ನಾಲ್ಕು ಬೆರಳು ದಪ್ಪ ಮಣ್ಣು ಬಳಿದಿದ್ರು. ಅದರ ಮೇಲಿನ ಅಟ್ಟದಲ್ಲಿ ಹಳೇ ಪಾತ್ರೆ, ಮುರಿದ ತೊಟ್ಟಿಲು, ಇಲಿ. 2023ರ ಬೇಸಿಗೆಲಿ ರಿಪೇರಿಗೆ ಕೈ ಹಾಕಿದೆ. ಕೆಲವು ಹಲಗೆಗೆ ಗೆದ್ದಲು ಹಿಡಿದಿತ್ತು, ಅದು ನಿಜ. ಆದ್ರೆ ಅಸಲಿ ಕಾರಣ ಅದಲ್ಲ. ಆಗುಂಬೆ ಕಡೆ ಒಂದು ಹೋಂಸ್ಟೇಲಿ ಒಳಗಿಂದ ನೋಡಿದ್ರೆ ಹೆಂಚು, ಅದನ್ನ ಹೊರೋ ಪಕಾಸಿ ಮರ ಎಲ್ಲ ಕಾಣೋ ಹಾಗೆ ಎತ್ತರಕ್ಕೆ ಬಿಟ್ಟಿದ್ರು, ಅದು ತಲೇಲಿ ಕೂತಿತ್ತು. ನಮ್ಮನೇನೂ ಹಂಗೇ ಕಾಣ್ಲಿ, ಮುಂದೆ ಬೇಕಾದ್ರೆ ನಾವೂ ಒಂದೆರಡು ರೂಮ್ ಬಾಡಿಗೆಗೆ ಕೊಡಬಹುದು ಅಂತ ಆಸೆ. ಮರಗೆಲಸದ ಆಚಾರ್ರಿಗೆ ಹೇಳಿದ್ದೇ ತಡ, ಮುಚ್ಚಿಗೆ ಪೂರ್ತಿ ಕಿತ್ತು ಹಾಕಿದ್ರು, ಒಳ್ಳೇ ಹಲಗೆಗಳನ್ನ ಕೂಲಿಗೆ ಹಿಡ್ಕೊಂಡು ಗಾಡೀಲಿ ಹೇರ್ಕೊಂಡೂ ಹೋದ್ರು. ಅಪ್ಪಯ್ಯ ಏನೂ ಅನ್ಲಿಲ್ಲ. ನೋಡಕ್ಕೆ ಚೆನ್ನಾಗೇ ಇತ್ತು, ಬಂದವರೆಲ್ಲ ತಲೆ ಎತ್ತಿ ನೋಡಿ ಹೊಗಳಿ ಹೋದ್ರು.

ಮಳೆಗಾಲ ಹೆಂಗೋ ಕಳೀತು. ದೀಪಾವಳಿ ಆಗಿ ಆಕಾಶ ತಿಳಿಯಾದ ಮೇಲೆ ಶುರುವಾಯ್ತು. ನಮ್ಮ ಕಡೆ ಚಳಿಗಾಲ ನಿಮಗೂ ಗೊತ್ತಲ್ಲ, ಮಧ್ಯಾಹ್ನ 28-30 ಡಿಗ್ರಿ ಬಿಸಿಲು, ಬೆಳಗಿನ ಜಾವ 12-13ಕ್ಕೆ ಇಳಿಯುತ್ತೆ, ಇಬ್ಬನಿ ಬೇರೆ. ಮೊದಲೂ ಅಷ್ಟೇ ಚಳಿ ಇತ್ತು, ಆದ್ರೆ ಮನೆ ಒಳಗೆ ಬಂದ್ರೆ ಬೆಚ್ಚಗಿರ್ತಿತ್ತು. ಆ ವರ್ಷ ಒಳಗೂ ಒಂದೇ ಹೊರಗೂ ಒಂದೇ. ಅಪ್ಪಯ್ಯಂಗೆ ಮಂಡಿ ನೋವು, ಅಮ್ಮಂಗೆ ರಾತ್ರಿ ಕೆಮ್ಮು. ನಾನು ಮಾಡಿನ (ಸೂರಿನ) ಕಡೆ ನೋಡ್ಲೇ ಇಲ್ಲ, ಈ ವರ್ಷ ಚಳಿ ಜಾಸ್ತಿ ಅಂತ ಊರವರ ಹತ್ರೆಲ್ಲ ಹೇಳ್ಕೊಂಡು ತಿರುಗಿದೆ. ಎಳ್ಳಮಾವಾಸ್ಯೆ ಜಾತ್ರೆ ಇನ್ನೂ ದೂರ ಇರುವಾಗ್ಲೇ ಶಿವಮೊಗ್ಗಕ್ಕೆ ಹೋಗಿ ನಡುಮನೆಗೆ ಒಂದು ಆಯಿಲ್ ಹೀಟರ್, ಅವರ ಕೋಣೆಗೆ ಒಂದು ಫ್ಯಾನ್ ಹೀಟರ್ ತಂದೆ. ಎರಡೂ 2000 ವ್ಯಾಟಿಂದು.

ಈಗ ಲೆಕ್ಕ ಕೇಳಿ, ನಿಮ್ಮ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. 2000 ವ್ಯಾಟ್ ಅಂದ್ರೆ ಗಂಟೆಗೆ 2 ಯೂನಿಟ್. ಒಂದೇ ಹೀಟರ್ ದಿನಕ್ಕೆ ಐದು ಗಂಟೆ ಉರಿಸಿದ್ರೂ 10 ಯೂನಿಟ್, ತಿಂಗಳಿಗೆ 300. ಆಯಿಲ್ ತುಂಬಿರ್ಲಿ, ಫ್ಯಾನ್ ಇರ್ಲಿ, ಕಂಪನಿ ಯಾವುದೇ ಇರ್ಲಿ, ಒಂದು ಯೂನಿಟ್ ಕರೆಂಟಿಂದ ಹುಟ್ಟೋ ಶಾಖ ಒಂದೇ. ಆಯಿಲಿಂದು ನಿಧಾನ ಕಾಯುತ್ತೆ, ನಿಧಾನ ಆರುತ್ತೆ, ಸದ್ದು ಮಾಡಲ್ಲ. ಫ್ಯಾನಿಂದು ಬೇಗ ಕಾಯುತ್ತೆ, ಬೇಗ ಆರುತ್ತೆ. ಅಷ್ಟೇ ವ್ಯತ್ಯಾಸ. ಅಂಗಡಿಯವ್ರು ಆಯಿಲ್ ಹೀಟರಲ್ಲಿ ಥರ್ಮೋಸ್ಟಾಟ್ ಇದೆ ಸಾರ್, ರೂಮ್ ಬಿಸಿ ಆದ್ಮೇಲೆ ತಾನೇ ಆಫ್ ಆಗುತ್ತೆ, ಬಿಲ್ ಬರಲ್ಲ ಅಂತಾರೆ. ಸುಳ್ಳಲ್ಲ, ಆದ್ರೆ ರೂಮ್ ಬಿಸಿ ಆದ್ರೆ ತಾನೆ ಆಫ್ ಆಗೋದು! ನಮ್ಮನೇಲಿ ಅದು ಒಂದು ದಿನಾನೂ ತಾನಾಗಿ ಆಫ್ ಆಗ್ಲಿಲ್ಲ.

ಎಂತಕ್ಕೆ ಆಗ್ಲಿಲ್ಲ ಅಂದ್ರೆ, ಬಿಸಿ ಗಾಳಿ ಹಗುರ, ಮೇಲಕ್ಕೆ ಏರುತ್ತೆ. ಮೇಲೆ ಹೋಗಿ ತಡೆಯೋಕೆ ಏನಾದ್ರೂ ಸಿಕ್ರೆ ಅಲ್ಲೇ ನಿಲ್ಲುತ್ತೆ, ನಿಧಾನಕ್ಕೆ ಕೋಣೆ ತುಂಬುತ್ತೆ. ಹೆಂಚಿನ ಮಾಡಲ್ಲಿ ಏನು ಸಿಗುತ್ತೆ? ಹೆಂಚು ಹೆಂಚಿನ ಮಧ್ಯೆ ಸಂದು, ಗೋಡೆ ಮುಗಿದು ಮಾಡು ಶುರುವಾಗೋ ಕಡೆ ಕೈ ತೂರೋ ಅಷ್ಟು ಜಾಗ. ಅದು ಬೇಕು ಅಂತಲೇ ಬಿಟ್ಟಿದ್ದು, ಹೊಗೆ ಹೋಗ್ಲಿ, ಮಳೆಗಾಲದಲ್ಲಿ ಮಾಡಿನ ಮರ ಒಣಗ್ಲಿ ಅಂತ. ಆ ಮನೆ ಕಟ್ಟಿದವರು ಮಲಗೋ ಜಾಗಕ್ಕೆಲ್ಲ ಮುಚ್ಚಿಗೆ ಹಾಕಿ, ಅಡುಗೆಮನೆಗೆ ಮಾತ್ರ ಹಾಕದೆ ಬಿಟ್ಟಿದ್ದು ಸುಮ್ನೆ ಅಲ್ಲ. ಮುಚ್ಚಿಗೆ ಮೇಲಿನ ಮಣ್ಣು ಶಾಖ ಹಿಡಿದಿಡುತ್ತೆ, ಅದರ ಮೇಲೆ ಅಟ್ಟದಲ್ಲಿ ಗಾಳಿ ಅಲುಗಾಡದೆ ನಿಂತಿರುತ್ತೆ, ನಿಂತ ಗಾಳಿ ದಾಟಿ ಶಾಖ ಹೋಗೋದು ಕಷ್ಟ. ಮೈಗೆ ಕಂಬಳಿ ಹೊದಿಯೋದೂ ಇದಕ್ಕೇ, ಕಂಬಳಿ ಏನು ಬಿಸಿ ಹುಟ್ಟಿಸುತ್ತಾ, ಗಾಳಿ ಹಿಡಿದಿಡುತ್ತೆ. ನಾನು ಮನೆಯ ಕಂಬಳಿ ಕಿತ್ತು ಆಚಾರ್ರ ಗಾಡಿಗೆ ಹಾಕಿ ಕಳಿಸಿ, ಆಮೇಲೆ ಆಕಾಶ ಕಾಯಿಸೋಕೆ ಎರಡು ಹೀಟರ್ ತಂದಿದ್ದೆ. ಹೀಟರ್ ಮುಂದೆ ಕೂತ್ರೆ ಮುಖ ಸುಡ್ತಿತ್ತು, ಬೆನ್ನು ಕೊರೀತಿತ್ತು.

ಬಿಲ್ ಕಥೆ ಇನ್ನೊಂದು. ಆ ವರ್ಷ ಆಗಸ್ಟಿಂದ ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಬಂದಿತ್ತು, ನಮ್ಮನೆ ಬಳಕೆ ಮೊದ್ಲಿಂದ ನೂರರ ಒಳಗೇ, ಹಾಗಾಗಿ ಬಿಲ್ ಸೊನ್ನೆ ಬರ್ತಿತ್ತು. ಸೊನ್ನೆ ನೋಡಿ ನೋಡಿ ನನಗೆ ಕರೆಂಟಿಗೆ ದುಡ್ಡು ಇದೆ ಅನ್ನೋದೇ ಮರ್ತುಹೋಗಿತ್ತು. ಗೃಹಜ್ಯೋತಿ ನಿಯಮ ಏನು ಅಂದ್ರೆ ನಿಮ್ಮ ಹಿಂದಿನ ಸರಾಸರಿ ಮೇಲೆ ಸ್ವಲ್ಪ ಸೇರಿಸಿ ಒಂದು ಮಿತಿ ಕೊಟ್ಟಿರ್ತಾರೆ, ಅದು ದಾಟಿದ್ರೆ ದಾಟಿದಷ್ಟಕ್ಕೆ ಮಾತ್ರ ದುಡ್ಡು, ಆದ್ರೆ 200 ಯೂನಿಟ್ ದಾಟಿತೋ ಮೊದಲ ಯೂನಿಟಿಂದ ಪೂರ್ತಿ ಬಿಲ್ ಕಟ್ಟಬೇಕು. ನಾನು 200ರ ತನಕ ಫ್ರೀ, ಮೇಲಿಂದಕ್ಕೆ ಮಾತ್ರ ಕಟ್ಟಿದ್ರಾಯ್ತು ಅಂದ್ಕೊಂಡಿದ್ದೆ. ಡಿಸೆಂಬರ್ ಬಳಕೆ ಬಿಲ್ ಬಂದಾಗ ಮೂರು ಸಾವಿರದ ಮೇಲಿತ್ತು. ಆಗ ನೂರು ಯೂನಿಟ್ ದಾಟಿದವರಿಗೆ ಯೂನಿಟಿಗೆ 7 ರೂಪಾಯಿ ಲೆಕ್ಕ. ಈಗ ರೇಟ್ ಸ್ವಲ್ಪ ಇಳಿದಿದೆ, 6 ರೂಪಾಯಿ ಆಸುಪಾಸು ಅಂತ ಇಟ್ಕೊಳ್ಳಿ, ಆದ್ರೂ ಒಂದು ಹೀಟರಿಗೇ ತಿಂಗಳಿಗೆ 1800 ಆಯ್ತು. ಮೇಲೆ ಗೃಹಜ್ಯೋತಿ ಆ ತಿಂಗಳ ಮಟ್ಟಿಗೆ ಹೋಯ್ತು.

ಬಿಲ್ ನೋಡಿ ಅಮ್ಮ ಮಾತಾಡದೆ ಹಳೇ ಸೀರೆಗಳನ್ನ ಹೊಲಿದು ಜೋಡಿಸಿ ಅವರ ಕೋಣೆಗೆ ಮೇಲ್ಕಟ್ಟು ಕಟ್ಟಿಸಿದ್ರು. ಬರೀ ಬಟ್ಟೆ ಮಾರಾಯ್ರೆ, ಅಷ್ಟಕ್ಕೇ ರಾತ್ರಿ ವ್ಯತ್ಯಾಸ ಗೊತ್ತಾಯ್ತು, ಬಾಗಿಲು ಹಾಕಿ ಇಬ್ಬರು ಮಲಗಿದ್ರೆ ಅವರ ಮೈ ಬಿಸಿಗೇ ಕೋಣೆ ಸ್ವಲ್ಪ ಬೆಚ್ಚಗಾಗ್ತಿತ್ತು. (ಬಟ್ಟೆ ಕಟ್ಟೋದಾದ್ರೆ ಬಲ್ಬಿಂದ ದೂರ ಕಟ್ಟಿ, ಆ ಕೋಣೇಲಿ ಹೀಟರ್ ಹಚ್ಚಲೇಬೇಡಿ.) ಮುಂದಿನ ವರ್ಷ ಅವರ ಕೋಣೆಗೆ ಅಕೇಶಿಯಾ ಹಲಗೆ ಹಾಕಿಸಿದೆ, ನಡುಮನೆಗೆ ಹಲಗೆ ರೇಟ್ ಕೇಳಿ ಸುಮ್ನಾಗಿ ಪಿವಿಸಿ ಶೀಟ್ ಹಾಕಿಸಿದೆ. ನೋಡೋಕೆ ಹೊಸ ಬಸ್ಸಿನ ಒಳಗೆ ಕೂತ ಹಾಗಿದೆ, ಹೋಂಸ್ಟೇ ಕನಸು ಅಲ್ಲಿಗೆ ಮುಗೀತು, ಆದ್ರೆ ಕೆಲಸ ಮಾಡ್ತಿದೆ. ಬೇಸಿಗೆಲೂ ಹೆಂಚಿನ ಧಗೆ ಕೆಳಗೆ ಇಳಿಯಲ್ಲ, ಮಧ್ಯದ ಒಂದು ಬೇಸಿಗೆ ಮುಚ್ಚಿಗೆ ಇಲ್ದೆ ಬೆಂದಿದ್ವಲ್ಲ, ಅದಕ್ಕೇ ಗೊತ್ತು. ಜಿಪ್ಸಮ್ ಸೀಲಿಂಗ್ ಹಾಕ್ತೀನಿ ಅಂತ ಯಾರಾದ್ರೂ ಬಂದ್ರೆ ಬೇಡ ಅನ್ನಿ, ನಮ್ಮ ಮಳೆಗೆ ಒಂದು ಹೆಂಚು ಸರಿದು ನೀರು ಬಿದ್ರೆ ಉಬ್ಬಿ ಕಪ್ಪಗಾಗುತ್ತೆ. ಅಡುಗೆಮನೆ ಮಾತ್ರ ಮುಚ್ಚಬೇಡಿ, ಒಲೆ ಉರಿಸ್ತೀರಾದ್ರೆ ಹೊಗೆ ಹೋಗಬೇಕು, ಆ ಹೊಗೆಗೇ ಪಕಾಸಿಗೆ ಹುಳ ಹಿಡಿಯಲ್ಲ.

ಮಾಡು ಮುಚ್ಚೋಕೆ ಈ ವರ್ಷ ದುಡ್ಡಿಲ್ಲ ಅಂತೀರಾ, ಸರಿ. ಆದ್ರೂ ಕೋಣೆ ಬಿಸಿ ಮಾಡೋ ಯೋಚನೆ ಬಿಡಿ, ಮನುಷ್ಯರನ್ನ ಬೆಚ್ಚಗಿಡಿ. ಹಾಸಿಗೆ ಮೇಲೆ ಹಾಸೋ ಎಲೆಕ್ಟ್ರಿಕ್ ಬ್ಲಾಂಕೆಟ್ ಬರುತ್ತೆ, ನೂರು ವ್ಯಾಟಿನ ಆಸುಪಾಸು, ರಾತ್ರಿ ಪೂರ್ತಿ ಹಾಕಿದ್ರೂ ಒಂದು ಯೂನಿಟ್ ಆಗಲ್ಲ. ನಾವು ಮಲಗೋಕೆ ಅರ್ಧ ಗಂಟೆ ಮುಂಚೆ ಹಾಕಿ, ಮಲಗುವಾಗ ತೆಗೀತೀವಿ. ಅದೂ ಬೇಡ ಅಂದ್ರೆ ರಬ್ಬರ್ ಬಿಸಿನೀರಿನ ಚೀಲ, ಮುಕ್ಕಾಲು ತುಂಬಿ ಗಾಳಿ ಹಿಂಡಿ ಮುಚ್ಚಳ ಬಿಗಿ ಮಾಡಿ ಟವೆಲ್ ಸುತ್ತಿ ಕಾಲ ಹತ್ರ ಇಡಿ. ಮೇಲೆ ಮೂರು ರಗ್ಗು ಹೊದಿಸೋರು ಕೆಳಗೆ ತೆಳ್ಳಗೆ ಒಂದು ಹಾಸಿರ್ತಾರೆ, ಚಳಿ ಕೆಳಗಿಂದಾನೂ ಬರುತ್ತೆ, ಒಂದು ಕಂಬಳಿ ಹಾಸಿಗೆ ಅಡಿಗೆ ಹಾಕಿ. ನೆಲಕ್ಕೆ ಟೈಲ್ಸ್ ಹಾಕಿಸಿದ್ರೆ ಓಡಾಡೋ ಕಡೆ ಚಾಪೆನೋ ಜಮಖಾನೆನೋ ಹಾಸಿ. ಹಗಲು ಬಿಸಿಲು ಇರೋ ಹೊತ್ತಿಗೆ ಕಿಟಕಿ ಬಾಗಿಲು ಪೂರ್ತಿ ತೆಗೆದಿಡಿ, ನಾಲ್ಕೂವರೆ ಐದಕ್ಕೆ ಮುಚ್ಚಿ. ಕತ್ತಲಾದ ಮೇಲೆ ಮುಚ್ಚಿದ್ರೆ ಅಷ್ಟೊತ್ತಿಗೆ ಒಳಗಿಂದು ಹೋಗಿರುತ್ತೆ.

ಇನ್ನು ಬಚ್ಚಲು. ಹೀಟರ್ ಇಲ್ಲದ ಮನೇಲಿ ಚಳಿಗಾಲದ ಕರೆಂಟು ನಿಜವಾಗಿ ತಿನ್ನೋದು ಗೀಸರ್. ಐದು ಜನರ ಮನೆಗೆ ಸ್ನಾನಕ್ಕೇ ದಿನಕ್ಕೆ ಮೂರು ಯೂನಿಟ್ ಹತ್ರ ಬೇಕು. ನಿಮ್ಮ ಹಳೇ ಬಚ್ಚಲಲ್ಲಿ ಹಂಡೆ ಒಲೆ ಇದ್ರೆ ದಯವಿಟ್ಟು ಒಡೀಬೇಡಿ. ಅಡಿಕೆ ಸುಲಿದ ಸಿಪ್ಪೆನ ಶಿವಮೊಗ್ಗ ರಸ್ತೆ ಬದಿಗೆ ಸುರಿದು ಬೆಂಕಿ ಹಾಕಿ ಊರಿಗೆಲ್ಲ ಹೊಗೆ ಕುಡಿಸ್ತಾರೆ, ಅದೇ ಸಿಪ್ಪೆ ಚೆನ್ನಾಗಿ ಒಣಗಿಸಿಟ್ಕೊಂಡ್ರೆ ಚಳಿಗಾಲ ಪೂರ್ತಿ ನೀರು ಕಾಯುತ್ತೆ. ಹಸಿ ಸಿಪ್ಪೆ ಹಾಕಿದ್ರೆ ಮಾತ್ರ ಬರೀ ಹೊಗೆ. ಹೊಸದಾಗಿ ಒಲೆ ಕಟ್ಟಿಸೋದಾದ್ರೆ ಅಸ್ತ್ರ ಒಲೆ ಥರದ್ದು ಚಿಮಣಿ ಸಮೇತ ಕಟ್ಟಿಸಿ, ಬೆಂಗಳೂರಿನ ವಿಜ್ಞಾನ ಸಂಸ್ಥೆಯವರು ಮಾಡಿದ್ದು, ಸೌದೆ ಕಮ್ಮಿ ಹಿಡಿಯುತ್ತೆ. ಮನೆ ಮೇಲೆ ಮರದ ನೆರಳಿಲ್ಲ ಅಂದ್ರೆ ಸೋಲಾರ್ ಕೂಡ ಸರಿ, ಡಿಸೆಂಬರ್ ಜನವರೀಲಿ ನಮ್ಮಲ್ಲಿ ಆಕಾಶ ತಿಳಿ ಇರುತ್ತೆ. ಮಳೆಗಾಲಕ್ಕೆ ಅದನ್ನ ನಂಬಬೇಡಿ. ಗೀಸರೇ ಬಳಸ್ತೀರಾದ್ರೆ ಥರ್ಮೋಸ್ಟಾಟ್ 50-55ಕ್ಕೆ ಇಳಿಸಿ, ಕುದಿಸಿ ಆಮೇಲೆ ತಣ್ಣೀರು ಬೆರೆಸೋದು ಎಂತ ಬುದ್ಧಿವಂತಿಕೆ.

ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ಖರ್ಚು ಉಳಿಯುತ್ತೆ ಅಂತ ಕೆಂಡದ ಬಾಣಲೆ ಕೋಣೆ ಒಳಗೆ ಇಟ್ಕೊಂಡು ಬಾಗಿಲು ಹಾಕಿ ಮಲಗೋ ಕೆಲಸ ಮಾತ್ರ ಮಾಡಬೇಡಿ. ಕೆಂಡದಿಂದ ಬರೋ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ, ನಿದ್ದೇಲೇ ಪ್ರಾಣ ಹೋಗುತ್ತೆ. ಮುಚ್ಚಿಗೆ ಹಾಕಿ ಸಂದು ಮುಚ್ಚಿದ ಕೋಣೇಲಿ ಇದು ಇನ್ನೂ ಅಪಾಯ. ಬೆಂಕಿ ಕಾಯಿಸೋದು ಬಚ್ಚಲೊಲೆ ಮುಂದೆ, ಇಲ್ಲಾ ಅಂಗಳದಲ್ಲಿ.

ಇಷ್ಟೆಲ್ಲ ಹೇಳಿದ ಮೇಲೂ ಅಪ್ಪಂಗೆ ಹೀಟರ್ ಬೇಕೇ ಬೇಕು ಅಂದ್ರೆ ಹ್ಯಾಲೊಜೆನ್ ರಾಡಿಂದು ತಗೊಳ್ಳಿ, ಒಂದು ರಾಡ್ ಮಾತ್ರ ಹಚ್ಚಿದ್ರೆ 400 ವ್ಯಾಟ್. ಅದು ಗಾಳಿ ಕಾಯಿಸಲ್ಲ, ಎದುರಿಗೆ ಕೂತವರ ಮೈ ಕಾಯಿಸುತ್ತೆ, ಹಾಗಾಗಿ ಮಾಡು ತೂತಿದ್ರೂ ಉಪಯೋಗ ಆಗುತ್ತೆ. ಹಾಸಿಗೆ, ಪಂಚೆಯಿಂದ ಮೂರಡಿ ದೂರ ಇರ್ಲಿ. 2000 ವ್ಯಾಟಿಂದು ತಂದ್ರೆ ಹಳೇ ಮನೆ ವೈರಿಂಗ್ ತಡೆಯಲ್ಲ, ದಪ್ಪ ಪಿನ್ನಿನ ಸಾಕೆಟಿಗೆ ಬೇರೆ ವೈರ್ ಎಳೆಸಿಯೇ ಹಾಕಬೇಕು, ಎಕ್ಸ್‌ಟೆನ್ಶನ್ ಬಾಕ್ಸಲ್ಲಿ ಬೇಡ. ಮತ್ತೆ ಬಿಲ್ ಬರೋ ತನಕ ಕಾಯಬೇಡಿ, ತಿಂಗಳ ಮಧ್ಯೆ ಒಂದ್ಸಲ ಮೀಟರ್ ಓದಿ, 200ರ ಹತ್ರ ಹೋಗ್ತಿದ್ರೆ ಆಫ್ ಮಾಡಿ ಇಟ್ಬಿಡಿ. ಹೆಂಗೂ ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತೆ, ಅಷ್ಟಕ್ಕೆ ಒಂಬತ್ತು ಹತ್ತು ಸಾವಿರದ ಆಯಿಲ್ ಹೀಟರ್ ಎಂತಕ್ಕೆ?

ನಿಮ್ಮ ಮನೆಗೆ ಮುಚ್ಚಿಗೆ ಇದೆಯೋ ಇಲ್ವೋ ಬರ್ದಿಲ್ಲ ನೀವು. ಇದ್ದು ಗೆದ್ದಲು ಹಿಡಿದಿದ್ರೆ ಹಾಳಾದ ಹಲಗೆ ಮಾತ್ರ ಬದಲಾಯಿಸಿ, ಉಳಿದಿದ್ದನ್ನ ಆಚಾರ್ರು ಕೂಲಿಗೆ ಹಿಡ್ಕೊಳ್ತೀನಿ ಅಂದ್ರೂ ಕೊಡಬೇಡಿ. ಇಲ್ಲ ಅಂದ್ರೆ ಕೋಣೆ ಅಳತೆ ಹಾಕಿ, ಶೀಟಿಗೆ ಎಷ್ಟಾಗಬಹುದು ಅಂತ ನಮ್ಮ ಕಡೆ ರೇಟಲ್ಲಿ ಹೇಳ್ತೀನಿ.