ಮಗು ಕಾಗದ ಹರಿದರೆ ಹರಿಯಲಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಪುಟ್ಟ ಮಕ್ಕಳ ಜೊತೆ ಕಾಗದದ ಆಟಿಕೆ ಮಾಡುವ ಬಗ್ಗೆ. ಜಡಿಮಳೆಗೆ ಮಕ್ಕಳು ಮನೆಯೊಳಗೇ ಇರುವ ಕಾಲ ಅಲ್ವಾ? ನಾಲ್ಕಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಟೀಚರ್, ನಮ್ಮ ಮನೆ ಬದಿಯಡ್ಕದ ಹತ್ತಿರ. ಮಗನಿಗೆ ಮೂರೂವರೆ ವರ್ಷ. ಮೊಬೈಲಲ್ಲಿ ನೋಡಿ ಕಾಗದದ ಮೀನು, ಹೂವು ಮಾಡಿಸಲು ಕೂತರೆ ಎರಡೇ ನಿಮಿಷ. ಆಮೇಲೆ ಎಲ್ಲ ಹರಿದು ಹಾಕುತ್ತಾನೆ. ಕೊನೆಗೆ ನಾನೇ ಮಾಡಿ ಮುಗಿಸುತ್ತೇನೆ. ಅವನಿಗೆ ಆಸಕ್ತಿ ಇಲ್ವಾ?

ಉತ್ತರ: ಆಸಕ್ತಿ ಇದೆ, ಹರಿಯುವುದರಲ್ಲಿ. ಆ ವಯಸ್ಸಿಗೆ ಅದು ಸಣ್ಣ ಕೆಲಸ ಅಲ್ಲ. ಕಾಗದ ಹರಿಯಲು ಹೆಬ್ಬೆರಳು, ತೋರುಬೆರಳು ಬಿಗಿಯಾಗಿ ಹಿಡಿಯಬೇಕು. ಒಂದು ಕೈ ಆಚೆ, ಒಂದು ಕೈ ಈಚೆ ಹೋಗಬೇಕು. ನಾಳೆ ಪೆನ್ಸಿಲ್ ಹಿಡಿಯುವುದೂ, ಅಂಗಿಯ ಗುಬ್ಬಿ ಹಾಕುವುದೂ ಇದೇ ಬೆರಳುಗಳು. ಹಾಗಾಗಿ ಮೀನು, ಹೂವು ಸದ್ಯಕ್ಕೆ ಬಿಡಿ. ಒಂದು ಹಳೇ ಪೇಪರ್ ಕೊಟ್ಟು ಹರಿಯಲು ಹೇಳಿ.

ನೀವೂ ಪಕ್ಕದಲ್ಲಿ ಕೂತು ಒಂದು ಹಾಳೆ ಹರಿದು ನೋಡಿ. ಪೇಪರನ್ನು ಓದುವ ಹಾಗೆ ಹಿಡಿದು ಮೇಲಿನಿಂದ ಕೆಳಕ್ಕೆ ಹರಿದರೆ ಪಟ್ಟಿ ಉದ್ದಕ್ಕೆ ನೇರವಾಗಿ ಬರುತ್ತದೆ. ಅಡ್ಡಕ್ಕೆ ಹರಿದರೆ ಎಲ್ಲೆಲ್ಲೋ ಹೋಗುತ್ತದೆ. ಕಾಗದದೊಳಗಿನ ನಾರು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತದೆ, ಅದಕ್ಕೇ ಹೀಗೆ. ಮೊದಲು ನೇರ ಹರಿಯುವ ದಿಕ್ಕನ್ನೇ ಮಗುವಿಗೆ ಕೊಡಿ. ತುದಿಯಲ್ಲಿ ಒಂದಿಂಚು ನೀವೇ ಹರಿದು ಶುರು ಮಾಡಿ ಕೊಟ್ಟರೆ ಸಾಕು. "ಸರ್ರ್" ಅಂತ ಉದ್ದದ ಪಟ್ಟಿ ಕೈಗೆ ಬಂದಾಗ ಅವನ ಮುಖ ನೋಡಿ.

ಆ ಪಟ್ಟಿಗಳನ್ನು ಬಿಸಾಡಬೇಡಿ. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಉದ್ದ ಪಟ್ಟಿ ಅಂಟಿಸಿದರೆ ಅಡಿಕೆ ಮರದ ಕಾಂಡ, ಮೇಲೆ ಹರಿದ ಚೂರುಗಳು ಸೋಗೆ. ಕಿಟಕಿಯಲ್ಲಿ ಕಾಣುವ ಮರ ಅದು, ಅವನಿಗೆ ಗುರುತು ಸಿಗುತ್ತದೆ. ಐದು ನಿಮಿಷ ಕೂತರೆ ಆ ವಯಸ್ಸಿಗೆ ಬೇಕಾದಷ್ಟಾಯಿತು. ಪೇಪರಿನ ಶಾಯಿ ಕೈಗೆ ಹತ್ತುತ್ತದೆ, ತಿಂಡಿಗೆ ಮೊದಲು ಕೈ ತೊಳೆಸಿ.

ನನಗೆ ಬೇಸರ ತಂದದ್ದು ನಿಮ್ಮ ಆ ಒಂದು ಮಾತು, "ಕೊನೆಗೆ ನಾನೇ ಮುಗಿಸುತ್ತೇನೆ". ದಯವಿಟ್ಟು ಮುಗಿಸಬೇಡಿ. ನಮ್ಮ ತರಗತಿಯಲ್ಲಿ ಒಬ್ಬಳು ಕಾಗದದ ಕಾಗೆ ಮಾಡಿದ್ದಳು. ಕೊಕ್ಕು ಹೊಟ್ಟೆಯಲ್ಲಿತ್ತು, ಕಣ್ಣು ಮೂರು. ಮನೆಗೆ ಒಯ್ದಳು. ಮರುದಿನ ಬರುವಾಗ ಕೊಕ್ಕು ಸರಿಯಾದ ಜಾಗಕ್ಕೆ ಬಂದಿತ್ತು, ಕಣ್ಣು ಒಂದೇ ಉಳಿದಿತ್ತು. ಚೆಂದದ ಕಾಗೆ. "ನಿನ್ನ ಕಾಗೆ ತೋರಿಸು" ಅಂದೆ. "ಇದು ಅಮ್ಮನದು ಟೀಚರ್" ಅಂದು ಬೆಂಚಿನ ಕೆಳಗೆ ಇಟ್ಟಳು. ಆ ಮೂರು ಕಣ್ಣಿನ ಕಾಗೆ ನನಗೆ ಈಗಲೂ ಬೇಕು ಅನಿಸುತ್ತದೆ.

ಪ್ರಶ್ನೆ: ನಾನು ಮಂಜೇಶ್ವರದ ಅಜ್ಜ. ಮೊಮ್ಮಕ್ಕಳಿಗೆ ದೋಣಿ ಮಾಡಿ ಕೊಡುತ್ತೇನೆ. ಒಂದೇ ಗಳಿಗೆಗೆ ಮೆತ್ತಗಾಗಿ ಮುಳುಗುತ್ತದೆ. ಇನ್ನು, ಹಿಂದೆಲ್ಲ ಹುಳ ಬಾರದ ಹಾಗೆ ಮೈದಾ ಅಂಟಿಗೆ ಮೈಲುತುತ್ತು ಹಾಕುತ್ತಿದ್ದರು. ಈಗಲೂ ಹಾಕಬಹುದೇ?

ಉತ್ತರ: ಎರಡನೆಯದನ್ನು ಮೊದಲು ಹೇಳುತ್ತೇನೆ. ಮೈಲುತುತ್ತು ಬೇಡವೇ ಬೇಡ. ಅದು ವಿಷ. ಅಡಿಕೆಗೆ ಮದ್ದು ಬಿಡಲು ತಂದದ್ದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರುತ್ತದೆ, ಕೈಗೆ ಸುಲಭವಾಗಿ ಸಿಗುತ್ತದೆ, ಅದೇ ಭಯ. ಪುಟ್ಟ ಮಕ್ಕಳು ಅಂಟಿನ ಬೆರಳನ್ನು ಬಾಯಿಗೆ ಇಟ್ಟೇ ಇಡುತ್ತಾರೆ. ಒಂದು ಚಮಚ ಮೈದಾಕ್ಕೆ ಐದು ಚಮಚ ತಣ್ಣೀರು ಹಾಕಿ ಗಂಟಿಲ್ಲದ ಹಾಗೆ ಕದಡಿ. ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಹೊಳಪು ಬರುವಷ್ಟು ಕಾಯಿಸಿ, ಪೂರ್ತಿ ಆರಿದ ಮೇಲೆ ಮಕ್ಕಳಿಗೆ ಕೊಡಿ. ಮಳೆಗಾಲದಲ್ಲಿ ಅಂದಂದಿಗೆ ಬೇಕಾದಷ್ಟೇ ಮಾಡಿ. ಅಷ್ಟೂ ಪುರುಸೊತ್ತಿಲ್ಲವಾದರೆ ಬೆಳ್ತಿಗೆ ಅನ್ನದ ನಾಲ್ಕು ಅಗುಳು ಹಿಚುಕಿದರೂ ಆಯಿತು. ಕುಚ್ಚಲು ಅನ್ನ ಅಷ್ಟು ಹಿಡಿಯುವುದಿಲ್ಲ.

ದೋಣಿಗೆ ನ್ಯೂಸ್‌ಪೇಪರ್ ಬೇಡ, ಅದು ನೀರನ್ನು ಬೇಗ ಹೀರುತ್ತದೆ. ಬರೆದು ಮುಗಿದ ನೋಟ್‌ಬುಕ್ಕಿನ ಹಾಳೆ ಒಳ್ಳೆಯದು. ಮಡಚುವ ಮೊದಲು ಹಾಳೆಯ ಎರಡೂ ಬದಿಗೆ ಮೇಣದ ಬತ್ತಿಯನ್ನು ಹಾಗೇ, ಹಚ್ಚದೆ, ಚೆನ್ನಾಗಿ ತಿಕ್ಕಿ. ಆ ಕೆಲಸ ಮಕ್ಕಳದ್ದೇ ಆಗಲಿ. ದೋಣಿ ಜಾಸ್ತಿ ಹೊತ್ತು ತೇಲುತ್ತದೆ. ಮಳೆಗೆ ಕಾಗದ ತೇವ ಎಳೆದು ಮಡಿಕೆ ನಿಲ್ಲದಿದ್ದರೆ, ಹಾಳೆಗಳನ್ನು ಮುಚ್ಚಳ ಬಿಗಿ ಇರುವ ಡಬ್ಬದಲ್ಲಿಡಿ. ಒಂದು ಮಾತು ಮಾತ್ರ ಮರೆಯಬೇಡಿ ಅಜ್ಜ, ದೋಣಿ ಬಿಡಲು ಅಂಗಳದ ನೀರು ಸಾಕು. ತೋಡಿನ ಹತ್ತಿರ ಬೇಡ, ಕಣಿಯ ಹತ್ತಿರವೂ ಬೇಡ. ಅಂಗಳದಲ್ಲೂ ನೀವು ಜೊತೆಗಿರಿ.

ಪ್ರಶ್ನೆ: ಮುಳ್ಳೇರಿಯದಿಂದ. ಐದು ವರ್ಷದ ಮಗಳು ಎಡಗೈಯಲ್ಲಿ ಕತ್ತರಿ ಹಿಡಿಯುತ್ತಾಳೆ. ಕಾಗದ ಕತ್ತರಿಸುವುದೇ ಇಲ್ಲ, ಮಡಚಿಕೊಳ್ಳುತ್ತದೆ. ಅತ್ತೆಯವರು ಬಲಗೈ ರೂಢಿ ಮಾಡಿಸು ಅನ್ನುತ್ತಾರೆ.

ಉತ್ತರ: ಮಗಳ ಕೈ ಸರಿಯಾಗಿಯೇ ಇದೆ, ಬದಲಿಸಬೇಕಾದ್ದು ಕತ್ತರಿ. ಮಾಮೂಲಿ ಕತ್ತರಿಯ ಅಲಗುಗಳನ್ನು ಬಲಗೈಗೆ ಹೊಂದುವಂತೆ ಕೂಡಿಸಿರುತ್ತಾರೆ. ಬಲಗೈಯಲ್ಲಿ ಒತ್ತಿದಾಗ ಅಲಗುಗಳು ಒಂದಕ್ಕೊಂದು ತಾಗುತ್ತವೆ. ಎಡಗೈಯಲ್ಲಿ ಒತ್ತಿದರೆ ದೂರ ಸರಿಯುತ್ತವೆ, ನಡುವೆ ಕಾಗದ ಸಿಕ್ಕಿಕೊಳ್ಳುತ್ತದೆ. ಗೀಟು ಕೂಡ ಅಲಗಿನ ಮರೆಗೆ ಹೋಗುತ್ತದೆ. ಎಡಗೈಯವರ ಕತ್ತರಿ ಅಂತಲೇ ಸಿಗುತ್ತದೆ, ತುದಿ ಮೊಂಡಾಗಿರುವುದನ್ನು ತನ್ನಿ. ಅತ್ತೆಯವರಿಗೂ ಒಮ್ಮೆ ಆ ಕತ್ತರಿಯನ್ನು ಬಲಗೈಯಲ್ಲಿ ಹಿಡಿದು ಕತ್ತರಿಸಲು ಕೊಡಿ. ಮಗುವಿನ ಕಷ್ಟ ಅವರಿಗೂ ಅರ್ಥವಾಗುತ್ತದೆ.

ಹೆಬ್ಬೆರಳು ಮೇಲಿರಲಿ. ಮೊದಲು ಒಂದಿಂಚು ಅಗಲದ ದಪ್ಪ ಕಾಗದದ ಪಟ್ಟಿ ಕೊಡಿ, ಒಂದೇ ಏಟಿಗೆ ತುಂಡಾಗಬೇಕು. ದುಂಡಗೆ ಕತ್ತರಿಸುವಾಗ ತಿರುಗಬೇಕಾದ್ದು ಕಾಗದ, ಕತ್ತರಿ ಅಲ್ಲ. ಇದು ಎಲ್ಲ ಮಕ್ಕಳಿಗೂ.

ಪ್ರಶ್ನೆ: ಉಪ್ಪಳದಿಂದ. ಮಗು ಇಂಗ್ಲಿಷ್ ಮೀಡಿಯಂ. ಆಟ ಮಲಯಾಳದಲ್ಲಿ. ಕ್ರಾಫ್ಟ್ ಮಾಡುವಾಗಲಾದರೂ ಕನ್ನಡ ಕಲಿಸಬಹುದಾ?

ಉತ್ತರ: ಇದಕ್ಕಿಂತ ಒಳ್ಳೆಯ ಹೊತ್ತು ಇಲ್ಲ. ಕಿಂಡರ್‌ಗಾರ್ಟನ್ ಶುರು ಮಾಡಿದ ಜರ್ಮನಿಯ ಫ್ರೋಬೆಲ್ ಕಾಗದ ಮಡಚುವುದನ್ನು ಮಕ್ಕಳ ಕಲಿಕೆಯ ಭಾಗವಾಗಿಯೇ ಇಟ್ಟಿದ್ದರು. ನೀವು ಅದನ್ನು ಮಾತಿಗೂ ಬಳಸಿ. ಮಡಚು, ಬಿಡಿಸು, ಮಗುಚಿ ಹಾಕು, ಮೂಲೆ, ಅಂಚು, ಉದ್ದ, ಅಡ್ಡ. ಪಾಠ ಅಂತ ಹೇಳಿಕೊಡಬೇಡಿ. "ಈ ಮೂಲೆಯನ್ನು ಆ ಮೂಲೆಗೆ ತಾ" ಅನ್ನಿ, ಕೈ ಮಾಡುತ್ತಾ ಕಿವಿ ಹಿಡಿದುಕೊಳ್ಳುತ್ತದೆ. ಕೊನೆಗೆ ದೋಣಿಯ ಮೇಲೆ ಮಗು ತನ್ನ ಹೆಸರನ್ನು ಕನ್ನಡದಲ್ಲಿ ಬರೆಯಲಿ, ಮೊದಲ ಅಕ್ಷರ ಮಾತ್ರ ಆದರೂ ಸರಿ. ಸ್ಕೆಚ್ ಪೆನ್ ನೀರಿಗೆ ಹರಡುತ್ತದೆ, ಕ್ರೆಯಾನ್ ಕೊಡಿ. ಮೇಣ ತಿಕ್ಕುವುದಾದರೆ ಅದಕ್ಕೂ ಮೊದಲೇ ಬರೆಸಿ, ಆಮೇಲೆ ಬಣ್ಣ ಹಿಡಿಯುವುದಿಲ್ಲ.