ಅಥಣಿ ಕಡೆ ಮೋಟಾರ್ ವೈಂಡಿಂಗ್ ಅಂಗಡಿ ಇಡುವುದಾದರೆ

ಮಂಡ್ಯದಲ್ಲಿ ಮೋಟಾರ್ ವೈಂಡಿಂಗ್, ಅಂದರೆ ಸುಟ್ಟ ಮೋಟಾರ್‌ಗೆ ಹೊಸ ತಾಮ್ರದ ತಂತಿ ಸುತ್ತುವ ಕೆಲಸ ಕಲಿತಿದ್ದೀರಿ. ಹೆಂಡತಿಯ ತವರು ಅಥಣಿ ಹತ್ತಿರ. ಅಲ್ಲೇ ಅಂಗಡಿ ಇಟ್ಟರೆ ನಡೆಯುತ್ತಾ ಅಂತ ಕೇಳಿದ್ದೀರಿ. ಕೆಲಸ ಧಾರಾಳವಾಗಿ ಸಿಗುತ್ತದೆ, ಅದರ ಚಿಂತೆ ಬಿಡಿ. ಕೆಲಸದ ದುಡ್ಡು ಯಾವಾಗ ಕೈಗೆ ಬರುತ್ತದೆ ಅನ್ನುವುದನ್ನು ಮಾತ್ರ ಬರುವ ಮೊದಲೇ ತಿಳಿದುಕೊಳ್ಳಿ.

ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ಹೀಗೆ ಕೃಷ್ಣೆಯ ಎರಡೂ ದಂಡೆಗೆ ಕಬ್ಬೇ ಕಬ್ಬು. ನದಿಯಿಂದ ಪೈಪ್‌ಲೈನ್ ಎಳೆದವರಿದ್ದಾರೆ, ಬಾವಿಯವರಿದ್ದಾರೆ, ಬೋರಿನವರಿದ್ದಾರೆ. ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟ್ ದಿನಕ್ಕೆ 7 ಗಂಟೆ ಅಂತ ಲೆಕ್ಕ. ರಾತ್ರಿ ಪಾಳಿ ಬಂದರೆ ಯಾರು ಎದ್ದು ಹೋಗಬೇಕು ಅಂತ ಎಲ್ಲರೂ ಆಟೋ ಸ್ಟಾರ್ಟರ್ ಹಾಕಿಸಿಕೊಂಡಿದ್ದಾರೆ. ಕರೆಂಟ್ ಬಂದ ಕೂಡಲೇ ಒಂದೇ ಟಿಸಿಯ (ಟ್ರಾನ್ಸ್‌ಫಾರ್ಮರ್) ಮೇಲಿನ ಮೋಟಾರ್‌ಗಳೆಲ್ಲ ಒಟ್ಟಿಗೆ ಎದ್ದು ನಿಲ್ಲುತ್ತವೆ, ವೋಲ್ಟೇಜ್ ಕುಸಿಯುತ್ತದೆ. ನಡುವೆ ಒಂದು ಫೇಸ್ ಹೋದರೆ ಉಳಿದ ಎರಡರ ಮೇಲೆ ಮೋಟಾರ್ ಜಾಸ್ತಿ ಕರೆಂಟ್ ಎಳೆದು ಸುಡುತ್ತದೆ. ಇದನ್ನು ತಡೆಯುವ ರಿಲೇ ಸ್ಟಾರ್ಟರಿನಲ್ಲಿ ಇರುತ್ತದೆ. ಅದು ಪದೇ ಪದೇ ಟ್ರಿಪ್ ಆಗುತ್ತದೆ ಅಂತ ರೈತರೇ ಅದನ್ನು ತಪ್ಪಿಸಿ ತಂತಿ ಜೋಡಿಸಿಬಿಟ್ಟಿರುತ್ತಾರೆ. ಬೇಸಿಗೆಯಲ್ಲಿ ನೀರು ಇಳಿದು ಒಣ ಓಡಿ ಸುಡುವ ಬೋರ್ ಮೋಟಾರ್‌ಗಳು ಬೇರೆ.

ಬಂದವರು "ಸಂಜೀಕ ಬೇಕ್ರಿ, ಕಬ್ಬು ಒಣಗಾಕತ್ತೈತಿ" ಅನ್ನುತ್ತಾರೆ. ಸಂಜೆಗೆ ಆಗುವುದಿಲ್ಲ ಅಂತ ನಿಮಗೂ ಗೊತ್ತು, ಅವರಿಗೂ ಗೊತ್ತು. ರಿಪೇರಿ ಮುಗಿಯುವವರೆಗೆ ಕೊಡಲು ಅಂಗಡಿಯಲ್ಲಿ ಒಂದೆರಡು ಹಳೆ ಮೋಟಾರ್ ಸಿದ್ಧ ಇಟ್ಟುಕೊಂಡರೆ ಗಿರಾಕಿ ಬೇರೆ ಕಡೆ ಹೋಗುವುದಿಲ್ಲ.

ಇನ್ನು ತಾಮ್ರ. ಜಗಳ ಹುಟ್ಟುವುದೇ ಇಲ್ಲಿ. ಸುಟ್ಟ ಮೋಟಾರ್ ಬಿಚ್ಚಿದರೆ ಕಿಲೋಗಟ್ಟಲೆ ಹಳೆ ತಂತಿ ಹೊರಬೀಳುತ್ತದೆ. ಅದು ಯಾರದು? ಕೆಲವು ಅಂಗಡಿಯವರು ಅದನ್ನು ತಾವೇ ಇಟ್ಟುಕೊಂಡು ಮಜೂರಿ ಕಡಿಮೆ ಹೇಳುತ್ತಾರೆ. ಕೆಲವರು ತೂಗಿ ಬಿಲ್ಲಿನಲ್ಲಿ ಕಳೆಯುತ್ತಾರೆ. ನೀವು ಎರಡನೆಯದನ್ನೇ ಮಾಡಿ, ಅದೂ ರೈತನ ಎದುರಿಗೆ. ಬಿಚ್ಚುವಾಗ ಸುತ್ತು ಎಣಿಸಿ, ಗೇಜ್ (ತಂತಿಯ ದಪ್ಪ) ಅಳೆದು ಬರೆದಿಡಿ. ಆದರೆ ಕಣ್ಣುಮುಚ್ಚಿ ಅದನ್ನೇ ನಕಲು ಮಾಡಬೇಡಿ. ಹಿಂದಿನವನು ತಾಮ್ರ ಉಳಿಸಲು ಸಣ್ಣ ತಂತಿ ಸುತ್ತಿರಬಹುದು. ಮೋಟಾರ್ ಮತ್ತೆ ಸುಟ್ಟರೆ ಹೆಸರು ಕೆಡುವುದು ನಿಮ್ಮದು.

ಹೊಸ ತಾಮ್ರ ನೀವು ನಗದು ಕೊಟ್ಟು ತರಬೇಕು. ರೈತ ಕೊಡುವುದು ಕಬ್ಬಿನ ಬಿಲ್ ಬಂದ ಮೇಲೆ. ಕಬ್ಬು ತೆಗೆದುಕೊಂಡ 14 ದಿನದೊಳಗೆ ಕಾರ್ಖಾನೆ ದುಡ್ಡು ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲಿದೆ. ಅದು ಎಷ್ಟೋ ಸಲ ತಿಂಗಳುಗಟ್ಟಲೆ ಎಳೆಯುತ್ತದೆ. ಅಲ್ಲಿ ತಡವಾದದ್ದು ಕೊನೆಗೆ ನಿಮ್ಮ ಗಲ್ಲಾಪೆಟ್ಟಿಗೆಗೆ ಬಂದು ಮುಟ್ಟುತ್ತದೆ. ಒಳ್ಳೆ ಕೈಯ ಮೆಕ್ಯಾನಿಕ್‌ಗಳು ಬಾಗಿಲು ಹಾಕುವುದು ಹೀಗೆಯೇ: ಕೆಲಸ ತುಂಬಿರುತ್ತದೆ, ಸಾಲದ ವಹಿ ತುಂಬಿರುತ್ತದೆ, ತಂತಿ ತರಲು ರೊಕ್ಕ ಇರುವುದಿಲ್ಲ. ಉದ್ರಿ ಇಲ್ಲ ಅಂತ ಬೋರ್ಡ್ ಹಾಕಿದರೆ ಇಲ್ಲಿ ವ್ಯಾಪಾರವೇ ಇಲ್ಲ. ಅದಕ್ಕೆ ಲೆಕ್ಕವನ್ನು ಎರಡು ಭಾಗ ಮಾಡಿ. "ಕಾಕಾ, ತಂತಿದಷ್ಟ ರೊಕ್ಕ ಈಗ ಕೊಡ್ರಿ, ನನ್ನ ಮಜೂರಿ ಬಿಲ್ ಬಂದ ಮ್ಯಾಲೆ ನೋಡೂಣು" ಅಂದರೆ ಬಹಳ ಜನ ಒಪ್ಪುತ್ತಾರೆ. ಬಿಲ್ ಬಂದ ವಾರವೇ ಮನೆಗೆ ಹೋಗಿ ಕೇಳಿ. ಸಂತೆಯಲ್ಲಿ, ಮದುವೆಯಲ್ಲಿ, ನಾಲ್ಕು ಜನರ ಎದುರು ಕೇಳಬೇಡಿ.

ಮಹಾರಾಷ್ಟ್ರ ಗಡಿಯ ಬಗ್ಗೆ ಹೆದರಿದ ಹಾಗಿದೆ ನೀವು. ಟಿವಿ ನೋಡಿದರೆ ಹಾಗೇ ಅನಿಸುತ್ತೆ. ಇಲ್ಲಿನವರು ಸಾಮಾನು ತರಲು ಬೆಳಗಾವಿಗಿಂತ ಗಡಿಯಾಚೆಯ ಮೀರಜ್, ಸಾಂಗ್ಲಿಗೆ ಹೋಗುವುದೇ ಜಾಸ್ತಿ. ಹತ್ತಿರ, ಅಷ್ಟೇ. ಪಂಪ್, ಮೋಟಾರ್‌ಗೆ ಹೆಸರಾದ ಕಿರ್ಲೋಸ್ಕರ್ ಕಂಪನಿ ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಕೂಡ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು. ಕಿರ್ಲೋಸ್ಕರವಾಡಿಗೆ ಹೋದದ್ದು 1910ರಲ್ಲಿ. ಅದು ಈಗ ಸಾಂಗ್ಲಿ ಜಿಲ್ಲೆಯಲ್ಲಿದೆ. ಆಚೆಯ ಜತ್ತ ತಾಲೂಕಿನಿಂದ ಬರುವವರಲ್ಲಿ ಎಷ್ಟೋ ಜನ ಕನ್ನಡದವರು. ನಿಪ್ಪಾಣಿ ಕಡೆಯವರು "ಕಧೀ ದೇಣಾರ?" ಅಂತ ಮರಾಠಿಯಲ್ಲಿ ಕೇಳಬಹುದು. ಯಾವಾಗ ಕೊಡುತ್ತೀರಿ ಅಂತ ಅದರ ಅರ್ಥ, ಸುಮ್ನೆ ದಿನ ಹೇಳಿಬಿಡಿ. ಬೋರ್ಡಿನಲ್ಲಿ ಶೇ. 60 ಕನ್ನಡ ಇರಲೇಬೇಕು ಅನ್ನುವುದು 2024ರಿಂದ ಕಾನೂನು. ಉಳಿದ ಜಾಗದಲ್ಲಿ ಒಂದು ಸಾಲು ಮರಾಠಿ ಬರೆಸಿದರೆ ಗಿರಾಕಿಗೆ ಅನುಕೂಲ.

ಕಾಗದಪತ್ರ ದೊಡ್ಡದೇನಲ್ಲ. ಪಂಚಾಯಿತಿ ಅಥವಾ ಪುರಸಭೆಯ ಲೈಸೆನ್ಸ್ ಬೇಕು. ಉದ್ಯಮ್ ನೋಂದಣಿ ಆನ್‌ಲೈನ್‌ನಲ್ಲಿ ಉಚಿತ, ಅದಕ್ಕೆ ಏಜೆಂಟ್‌ಗೆ ದುಡ್ಡು ಕೊಡಬೇಡಿ. ರಿಪೇರಿ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ಜಿಎಸ್‌ಟಿ ಕಡ್ಡಾಯವಲ್ಲ. ಆದರೆ ಹೊಸ ಪಂಪ್, ಕೇಬಲ್ ಮಹಾರಾಷ್ಟ್ರಕ್ಕೆ ಮಾರಿ ಕಳಿಸುವುದಾದರೆ ಎಷ್ಟೇ ಸಣ್ಣ ಮೊತ್ತವಿದ್ದರೂ ನೋಂದಣಿ ಬೇಕು. ಗಡಿಯಲ್ಲಿ ಅಂಗಡಿ ಇಡುವವರು ಮರೆಯುವುದು ಇದನ್ನೇ.

ಮಳೆಗಾಲದಲ್ಲಿ ಕೆಲಸ ಕಡಿಮೆ, ಹೊಳೆ ಬಂದರೆ ಮಾತ್ರ ಬೇರೆ. 2019ರ ಆಗಸ್ಟ್‌ನಲ್ಲಿ ಬಂದಂತಹ ಮಹಾಪೂರದಲ್ಲಿ ದಂಡೆಯ ಮೇಲಿನ ಮೋಟಾರ್‌ಗಳು ಕೆಸರಿನಲ್ಲಿ ಹೂತುಹೋಗುತ್ತವೆ. ಅವುಗಳಿಗೆಲ್ಲ ಹೊಸ ವೈಂಡಿಂಗ್ ಬೇಕಾಗಿಲ್ಲ. ತೊಳೆದು, ಒಣಗಿಸಿ, ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಹಚ್ಚಿ ನೋಡಿ, ವಾರ್ನಿಶ್ ಹೊಡೆದರೆ ಕೆಲವು ಎದ್ದು ಕೂರುತ್ತವೆ. ಹಾಗಂತ ಬಾಯಿಬಿಟ್ಟು ಹೇಳುವ ಅಂಗಡಿಗೆ ಊರೆಲ್ಲ ಮುಂದಿನ ವರ್ಷವೂ ಬರುತ್ತದೆ.

ಜಾಗ ಪೇಟೆಯ ನಡುವೆ ಬೇಡ. ಟ್ರ್ಯಾಕ್ಟರ್ ನಿಲ್ಲಬೇಕು, ಚೈನ್ ಪುಲ್ಲಿ ಕಟ್ಟಲು ಗಟ್ಟಿ ತೊಲೆ ಬೇಕು, ತ್ರೀ ಫೇಸ್ ಮೀಟರ್ ಬೇಕು. ಫೆಬ್ರುವರಿ ಒಳಗೆ ಬಾಗಿಲು ತೆಗೆದರೆ ಬೇಸಿಗೆಯ ಕೆಲಸ ಸಿಗುತ್ತದೆ. ಇನ್ನೊಂದು, ಅಂಗಡಿಯನ್ನು ಮಾವನ ಊರಿನಲ್ಲೇ ಇಡಬೇಡಿ, ಪಕ್ಕದ ಊರಿನಲ್ಲಿ ಇಡಿ. ಅಳಿಯಂದಿರು ಅಂತ ಮರ್ಯಾದೆ ಜೋರಾಗಿಯೇ ಸಿಗುತ್ತದೆ. ಆದರೆ ಹೆಂಡತಿಯ ಅಣ್ಣ ಮೋಟಾರ್ ಹೊತ್ತು ತಂದರೆ ತಂತಿಯ ರೊಕ್ಕ ಮೊದಲು ಇಡ್ರಿ ಅನ್ನೋಕಾಗುತ್ತಾ?